ಟೆಂಪರಮೆಂಟಿಗೆ ಸರಿಯಾದ ಜನರೇಟರ್ ಲೆಕ್ಕ ಹಾಕುವುದು ಹೇಗೆ? ಪಟ್ಟಿಯಿಂದ ಕೀಬೋರ್ಡಿನವರೆಗೆ

ಕೀಬೋರ್ಡಿನ ಅಂತರ ಗಾಂಧಾರವನ್ನು ತಂಬೂರಿಯ ಜೊತೆ ಹೊಂದಿಸಲು ಹೊರಟವರು ಪದೇ ಪದೇ ಒಂದೇ ಕಡೆ ಎಡವುತ್ತಿದ್ದಾರೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಂಗೀತದ ವಿದ್ಯಾರ್ಥಿಗಳು, ಭಜನಾ ಮಂಡಳಿಯ ಹಾರ್ಮೋನಿಯಂ ವಾದಕರು ತೋರಿಸುವ ಲೆಕ್ಕಗಳಲ್ಲಿ ಕೂಡುವುದು, ಭಾಗಿಸುವುದು ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ತಪ್ಪಿರುವುದು ಕೆಲಸದ ಕ್ರಮ. ‘ಅತ್ಯುತ್ತಮ ಜನರೇಟರ್ ಎಷ್ಟು ಸೆಂಟ್?’ ಎಂದು ಮೊದಲು ಹುಡುಕುತ್ತಾರೆ. ಯಾವ ಸ್ವರಗಳಿಗೆ ಅತ್ಯುತ್ತಮ ಎನ್ನುವುದನ್ನು ಆಮೇಲೆ ಯೋಚಿಸುತ್ತಾರೆ. ಪಟ್ಟಿ ಇಲ್ಲದೆ ‘ಅತ್ಯುತ್ತಮ’ ಎಂಬ ಮಾತಿಗೆ ಅರ್ಥವೇ ಇಲ್ಲ. ಅದಕ್ಕೇ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ, ಯಾವುದನ್ನೂ ಹಾರಿಸಬೇಡಿ.

ನಾಲ್ಕು ಪದ ಗೊತ್ತಿರಲಿ. ಒಂದು ಸ್ಥಾಯಿಯನ್ನು 1200 ಸಮ ಭಾಗ ಮಾಡಿದರೆ ಅದರ ಒಂದು ಭಾಗವೇ ಸೆಂಟ್. ಒಂದೇ ಸ್ವರಾಂತರವನ್ನು ಮತ್ತೆ ಮತ್ತೆ ಪೇರಿಸಿ ಉಳಿದ ಸ್ವರಗಳನ್ನೆಲ್ಲ ಹುಟ್ಟಿಸುತ್ತೇವಲ್ಲ, ಆ ಸ್ವರಾಂತರವೇ ಜನರೇಟರ್. ಇಲ್ಲಿ ನಮ್ಮ ಜನರೇಟರ್ ಪಂಚಮ. ಹಾಗೆ ಪೇರಿಸುವಾಗ ಉಳಿಯುವ ಸಣ್ಣ ವ್ಯತ್ಯಾಸಕ್ಕೆ ಕಾಮಾ ಎನ್ನುತ್ತಾರೆ. ಅದನ್ನು ಎಲ್ಲ ಸ್ವರಗಳಿಗೂ ಸ್ವಲ್ಪ ಸ್ವಲ್ಪ ಹಂಚಿ ಇಲ್ಲವಾಗಿಸುವ ಏರ್ಪಾಟೇ ಟೆಂಪರಮೆಂಟ್.

## ಏನೇನು ಬೇಕು

ಲಾಗರಿದಮ್ ಇರುವ ಕ್ಯಾಲ್ಕುಲೇಟರ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್‌ನಂಥ ಸ್ಪ್ರೆಡ್‌ಶೀಟ್ ಬೇಕು. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಎಷ್ಟೋ ಫೋನುಗಳಲ್ಲಿ ಲಾಗ್ ಬಟನ್ ಕಾಣಿಸುತ್ತದೆ.

ಸೆಂಟ್ ತೋರಿಸುವ ಟ್ಯೂನರ್ ಆ್ಯಪ್ ಇರಲಿ. ಶ್ರುತಿಗೆ ತಂಬೂರಿ ಅಥವಾ ಒಳ್ಳೆಯ ಶ್ರುತಿಪೆಟ್ಟಿಗೆ ಇರಲಿ. ಜೊತೆಗೆ ಪ್ರತಿ ಸ್ವರವನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಲ್ಲ ವಾದ್ಯ ಬೇಕು. ಸ್ಕೇಲ್ ಟ್ಯೂನ್ ಸೌಲಭ್ಯವಿರುವ ಕೀಬೋರ್ಡ್ ಅತಿ ಸುಲಭ. ಹಾರ್ಮೋನಿಯಂ ಆದರೆ ರೀಡನ್ನೇ ಕೆರೆಯಬೇಕು. ಅದು ಕೊನೆಯ ಹಂತದ ಮಾತು.

## ಹಂತ 1: ಪಟ್ಟಿ ಬರೆಯಿರಿ

ನಿಮ್ಮ ಹಾಡಿಕೆಗೆ ಯಾವ ಸ್ವರಾಂತರಗಳು ಶುದ್ಧವಾಗಿ ಬೇಕೇ ಬೇಕು? ಅವನ್ನು ಅನುಪಾತದಲ್ಲಿ ಬರೆದುಕೊಳ್ಳಿ. ತಂಬೂರಿ ಇಟ್ಟುಕೊಂಡು ಹಾಡುವವರಿಗೆ ಪಂಚಮ (3/2) ಮೊದಲು. ಷಡ್ಜದ ತಂತಿಯನ್ನು ಚೆನ್ನಾಗಿ ಮೀಟಿದಾಗ ತಾನಾಗಿ ಕೇಳಿಬರುವ ಅಂತರ ಗಾಂಧಾರ (5/4) ಎರಡನೆಯದು. ಮೂರನೆಯದಾಗಿ ದೈವತಕ್ಕೆ 5/3 ಇಟ್ಟುಕೊಳ್ಳೋಣ.

ಪಟ್ಟಿ ಚಿಕ್ಕದಾಗಿರಲಿ. ಹತ್ತು ಹನ್ನೆರಡು ಅನುಪಾತ ತುಂಬಿಸಿದರೆ ಲೆಕ್ಕ ಎಲ್ಲರನ್ನೂ ಮೆಚ್ಚಿಸಲು ಹೋಗಿ, ತಂಬೂರಿಯ ಮುಂದೆ ನಿಲ್ಲಬೇಕಾದ ಪಂಚಮವನ್ನೇ ಕೆಡಿಸಬಹುದು.

ಸ್ಥಾಯಿಯನ್ನು (2/1) ಪಟ್ಟಿಗೆ ಸೇರಿಸಬೇಡಿ. ಅದನ್ನು 1200 ಸೆಂಟಿಗೆ ಗಟ್ಟಿಯಾಗಿ ಕಟ್ಟಿಬಿಡಿ. ಸ್ಥಾಯಿಯನ್ನೂ ತುಸು ಹಿಗ್ಗಿಸುವ ಕುಗ್ಗಿಸುವ ವಿಧಾನಗಳಿವೆ. ಆದರೆ ತಂಬೂರಿಯ ಸಾರಣಿ ಮತ್ತು ಮಂದ್ರದ ಜೊತೆ ನುಡಿಸುವವರು ಆ ದಾರಿಗೆ ಹೋಗಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

## ಹಂತ 2: ಅನುಪಾತವನ್ನು ಸೆಂಟಿಗೆ ತನ್ನಿ

ಅನುಪಾತದ ಲಾಗ್ ತೆಗೆದು, ಅದನ್ನು 2ರ ಲಾಗ್‌ನಿಂದ ಭಾಗಿಸಿ, 1200ರಿಂದ ಗುಣಿಸಿ. ಎರಡೂ ಕಡೆ ಒಂದೇ ಬಗೆಯ ಲಾಗ್ ಬಳಸಿದರೆ ಸಾಕು.

- 3/2 = 701.9550
- 5/4 = 386.3137
- 5/3 = 884.3587

ನಾಲ್ಕು ದಶಮಾಂಶ ಇಟ್ಟುಕೊಳ್ಳಿ. ‘ಕಿವಿಗೆ ಅಷ್ಟು ಸೂಕ್ಷ್ಮ ಕೇಳುತ್ತದಾ?’ ಎಂದು ಕೇಳಬಹುದು. ಕೇಳುವುದಿಲ್ಲ. ಆದರೆ ಮುಂದೆ ಈ ಸಂಖ್ಯೆಯನ್ನು 8ರಿಂದ, 9ರಿಂದ ಗುಣಿಸುತ್ತೇವೆ. ಆಗ ಸಣ್ಣ ತಪ್ಪೂ ಅಷ್ಟೇ ಪಟ್ಟು ಬೆಳೆಯುತ್ತದೆ. ಪಂಚಮವನ್ನು ಸುಮ್ನೆ 702 ಎಂದು ಬರೆದುಕೊಂಡು 8ರಿಂದ ಗುಣಿಸಿದರೆ ಗಾಂಧಾರ 384.36ರ ಬದಲು 384ಕ್ಕೆ ಬಂದು ಕೂರುತ್ತದೆ. ಅಂದರೆ ದುಂಡು ಮಾಡಿದ್ದರಿಂದಲೇ 0.36 ಸೆಂಟ್ ಕಡಿಮೆ. ದುಂಡು ಮಾಡುವುದೆಲ್ಲ ಕೊನೆಯಲ್ಲಿ.

## ಹಂತ 3: ನಕ್ಷೆ ಮಾಡಿ

ಹೆಚ್ಚಿನವರ ಲೆಕ್ಕ ಕೆಡುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೋಗೋಣ.

ಪಟ್ಟಿಯ ಪ್ರತಿ ಸ್ವರಾಂತರಕ್ಕೂ ಎರಡು ಪೂರ್ಣಾಂಕ ಬೇಕು: ಎಷ್ಟು ಪಂಚಮ, ಎಷ್ಟು ಸ್ಥಾಯಿ. ಈ ಎರಡು ಅಂಕಿಗಳೇ ಟೆಂಪರಮೆಂಟನ್ನು ನಿರ್ಧರಿಸುತ್ತವೆ. ಪಂಚಮದ ಸೆಂಟ್ ಎಷ್ಟು ಎನ್ನುವುದು ಆಮೇಲಿನ ಪ್ರಶ್ನೆ.

ಗಾಂಧಾರವನ್ನು ಪಂಚಮಗಳಿಂದ ತಲುಪಲು ಎರಡು ಪ್ರಸಿದ್ಧ ದಾರಿಗಳಿವೆ.

ಮೊದಲ ದಾರಿ ಮೇಲಕ್ಕೆ ಹೋಗುವುದು. ನಾಲ್ಕು ಪಂಚಮ ಏರಿ ಎರಡು ಸ್ಥಾಯಿ ಇಳಿದರೆ (+4, −2) 407.82 ಸೆಂಟ್ ಸಿಗುತ್ತದೆ. ಇದು 5/4ಕ್ಕಿಂತ 21.51 ಸೆಂಟ್ ಜಾಸ್ತಿ. ಈ 21.51 ಅನ್ನು ನುಂಗಲು ಪಂಚಮವನ್ನೇ ಸಾಕಷ್ಟು ಇಳಿಸಬೇಕು. ಇದು ಮೀನ್‌ಟೋನ್.

ಎರಡನೆಯ ದಾರಿ ಕೆಳಕ್ಕೆ ಹೋಗುವುದು. ಎಂಟು ಪಂಚಮ ಇಳಿದು ಐದು ಸ್ಥಾಯಿ ಏರಿದರೆ (−8, +5) 384.36 ಸೆಂಟ್. ಬೇಕಾದ್ದಕ್ಕಿಂತ ಕೇವಲ 1.954 ಸೆಂಟ್ ಕಡಿಮೆ. ಈ ಪುಟ್ಟ ವ್ಯತ್ಯಾಸಕ್ಕೆ ಸ್ಕಿಸ್ಮಾ ಎಂದು ಹೆಸರು, ಟೆಂಪರಮೆಂಟಿಗೆ ಸ್ಕಿಸ್ಮ್ಯಾಟಿಕ್ ಎಂದು ಹೆಸರು. ಪಂಚಮವನ್ನು ಕೂದಲೆಳೆಯಷ್ಟು ಇಳಿಸಿದರೆ ಸಾಕು.

5/3ರ ನಕ್ಷೆಯನ್ನು ಬೇರೆಯಾಗಿ ಊಹಿಸಬೇಡಿ. ಅದು ಉಳಿದೆರಡರಿಂದಲೇ ಹುಟ್ಟಬೇಕು. 5/3 ಎಂದರೆ 5/4ನ್ನು 3/2ರಿಂದ ಭಾಗಿಸಿ ಒಂದು ಸ್ಥಾಯಿ ಏರಿಸಿದ್ದು. ಹಾಗಾಗಿ ಪಂಚಮಗಳು −8 − 1 = −9. ಸ್ಥಾಯಿಗಳು 5 + 1 = 6. ಹೊರಗಿನಿಂದ ಬೇರೆ ಅಂಕಿ ತಂದು ತುರುಕಿದರೆ ಮೂರು ಸ್ವರಾಂತರಗಳೂ ಒಂದಕ್ಕೊಂದು ಹೊಂದುವುದಿಲ್ಲ. ಆಮೇಲೆ ಎಷ್ಟು ಲೆಕ್ಕ ಹಾಕಿದರೂ ವಾದ್ಯದ ಮೇಲೆ ಅದು ಬರುವುದಿಲ್ಲ.

ಎಚ್ಚರಿಕೆಯ ಗುರುತು: ನಕ್ಷೆ ಬರೆದ ಮೇಲೆ ಶುದ್ಧ ಪಂಚಮವನ್ನೇ (701.9550) ಹಾಕಿ ಒಮ್ಮೆ ನೋಡಿ. ಉತ್ತರ ಬೇಕಾದ ಸಂಖ್ಯೆಯಿಂದ 30 ಸೆಂಟಿಗಿಂತ ದೂರ ಹೋದರೆ ಪಂಚಮದ ಎಣಿಕೆಯನ್ನು ಮತ್ತೆ ನೋಡಿ. ಆ ದೂರ ಹೆಚ್ಚುಕಡಿಮೆ 1200 ಅಥವಾ 2400ರಷ್ಟಿದ್ದರೆ ಸ್ಥಾಯಿಯ ಎಣಿಕೆ ತಪ್ಪಿದೆ. ಋಣ ಚಿಹ್ನೆ ಬಿಟ್ಟುಹೋಗುವುದೇ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು.

## ಹಂತ 4: ಜನರೇಟರ್ ಲೆಕ್ಕ

ಇಲ್ಲಿ ಬಳಸುವುದು ಕನಿಷ್ಠ ವರ್ಗಗಳ ವಿಧಾನ. ಎಲ್ಲ ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆ ಆಗುವಂತೆ ಪಂಚಮವನ್ನು ಆರಿಸುವುದು. ಗಾಬರಿ ಬೇಡ, ಇದು ಮೂರು ಸಾಲಿನ ಕೆಲಸ.

ಮೊದಲು ಪ್ರತಿ ಸ್ವರಾಂತರದ ಸೆಂಟಿನಿಂದ ಅದರ ಸ್ಥಾಯಿಗಳನ್ನು ಕಳೆಯಿರಿ. ಉಳಿದದ್ದು ಗುರಿ.

- 3/2: ಪಂಚಮ 1, ಗುರಿ 701.9550
- 5/4: ಪಂಚಮ −8, ಗುರಿ 386.3137 − 6000 = −5613.6863
- 5/3: ಪಂಚಮ −9, ಗುರಿ 884.3587 − 7200 = −6315.6413

ಎರಡನೆಯದಾಗಿ, ಪ್ರತಿ ಸಾಲಿನಲ್ಲಿ ಪಂಚಮದ ಎಣಿಕೆಯನ್ನು ಗುರಿಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ: 701.9550 + 44909.4904 + 56840.7717 = 102452.2171.

ಮೂರನೆಯದಾಗಿ, ಪಂಚಮದ ಎಣಿಕೆಗಳ ವರ್ಗಗಳನ್ನು ಕೂಡಿಸಿ: 1 + 64 + 81 = 146. ಮೊದಲ ಮೊತ್ತವನ್ನು ಇದರಿಂದ ಭಾಗಿಸಿ.

ಉತ್ತರ: 701.7275 ಸೆಂಟ್.

ಸ್ಪ್ರೆಡ್‌ಶೀಟಿನಲ್ಲಾದರೆ ಸಮ್‌ಪ್ರಾಡಕ್ಟ್ ಮತ್ತು ಸಮ್‌ಎಸ್‌ಕ್ಯೂ ಎಂಬ ಎರಡು ಫಂಕ್ಷನ್‌ಗಳಲ್ಲಿ ಇದು ಮುಗಿಯುತ್ತದೆ. ಆದರೂ ಮೊದಲ ಸಲ ಕಾಗದದ ಮೇಲೇ ಮಾಡಿ. ಯಾವ ಸಾಲು ಉತ್ತರವನ್ನು ಎಷ್ಟು ಎಳೆಯುತ್ತಿದೆ ಎನ್ನುವುದು ಆಗ ಕಣ್ಣಿಗೆ ಕಾಣುತ್ತದೆ.

ಇದೇ ಪಟ್ಟಿಯನ್ನು ಮೀನ್‌ಟೋನ್ ನಕ್ಷೆಯಲ್ಲಿ (1, 4, 3) ಹಾಕಿದರೆ 696.165 ಬರುತ್ತದೆ. ಅಭ್ಯಾಸಕ್ಕೆ ನೀವೇ ಮಾಡಿ ನೋಡಿ. ಭಾಜಕ 26 ಬರಬೇಕು.

## ಹಂತ 5: ಉತ್ತರವನ್ನು ಪರೀಕ್ಷಿಸಿ

ಬಂದ ಜನರೇಟರನ್ನು ನಕ್ಷೆಗೆ ಹಾಕಿ, ಪ್ರತಿ ಸ್ವರಾಂತರದಲ್ಲೂ ಎಷ್ಟು ತಪ್ಪು ಉಳಿಯಿತು ನೋಡಿ. ಸ್ಕಿಸ್ಮ್ಯಾಟಿಕ್‌ನಲ್ಲಿ ಹೀಗಿದೆ:

- ಪಂಚಮ: −0.2275
- ಗಾಂಧಾರ: −0.1337
- ದೈವತ: +0.0938

ಈಗ ಪ್ರತಿ ತಪ್ಪನ್ನೂ ಅದರ ಪಂಚಮದ ಎಣಿಕೆಯಿಂದ ಗುಣಿಸಿ ಕೂಡಿಸಿ. ಮೊತ್ತ ಸೊನ್ನೆಯ ಹತ್ತಿರ ಬರಬೇಕು. ಇಲ್ಲಿ −0.2275 + 1.0696 − 0.8442 = −0.0021. ಇಷ್ಟು ಉಳಿದಿರುವುದು ದುಂಡು ಮಾಡಿದ್ದರಿಂದ, ಅದು ಪರವಾಗಿಲ್ಲ. ಮೊತ್ತ 1 ಅಥವಾ 2 ಬಂದರೆ ಹಂತ 4ಕ್ಕೆ ವಾಪಸ್ ಹೋಗಿ. ಈ ಪರೀಕ್ಷೆ ಗುಣಾಕಾರದ ತಪ್ಪನ್ನು ಹಿಡಿಯುತ್ತದೆ, ನಕ್ಷೆಯ ತಪ್ಪನ್ನು ಹಿಡಿಯುವುದಿಲ್ಲ. ಅದಕ್ಕೇ ಹಂತ 3ರ ಗುರುತನ್ನು ಬಿಡಬಾರದು.

ಇನ್ನೊಂದು ಗಡಿ ನೆನಪಿರಲಿ. ಪಂಚಮ 685.7ಕ್ಕಿಂತ ಕೆಳಗೆ ಅಥವಾ 720ಕ್ಕಿಂತ ಮೇಲೆ ಹೋದರೆ ಸಪ್ತಸ್ವರಗಳ ಸಾಲೇ ಅಸ್ತವ್ಯಸ್ತವಾಗುತ್ತದೆ. ಅಂಥ ಉತ್ತರ ಬಂದರೆ ಮುಂದೆ ಹೋಗಬೇಡಿ.

ಈಗ ಎರಡು ನಕ್ಷೆಗಳನ್ನು ಕಿವಿಯ ಲೆಕ್ಕದಲ್ಲಿ ಹೋಲಿಸಿ. ಷಡ್ಜ 240 ಹರ್ಟ್ಜ್ ಇರಲಿ. ಷಡ್ಜದ ಮೂರು ಪಟ್ಟು 720. ಅದರಿಂದ ಪಂಚಮದ ಎರಡು ಪಟ್ಟನ್ನು ಕಳೆದರೆ ಸೆಕೆಂಡಿಗೆ ಎಷ್ಟು ಬೀಟ್, ಅಂದರೆ ಎಷ್ಟು ಸಲ ನಾದ ಅಲುಗಾಡುತ್ತದೆ ಎಂದು ತಿಳಿಯುತ್ತದೆ. ಮೀನ್‌ಟೋನ್ ಪಂಚಮ 358.80 ಹರ್ಟ್ಜ್. ಸೆಕೆಂಡಿಗೆ 2.4 ಬೀಟ್. ತಂಬೂರಿಯ ಮುಂದೆ ಇದು ತಕ್ಷಣ ಕೇಳುತ್ತದೆ, ಹಾಡುವವರಿಗೆ ಹಿಂಸೆ. ಸ್ಕಿಸ್ಮ್ಯಾಟಿಕ್ ಪಂಚಮ 359.95 ಹರ್ಟ್ಜ್. ಒಂದು ಬೀಟ್ ಆಗಲು ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಕು. ಮಾಮೂಲಿ ಕೀಬೋರ್ಡಿನ ಸಮಾನ ಹಂಚಿಕೆಯಲ್ಲಿ ಪಂಚಮದ ಬೀಟ್ 0.8 ಮಾತ್ರ, ಆದರೆ ಗಾಂಧಾರದ್ದು 9.5.

ಎರಡೂ ಜನರೇಟರ್‌ಗಳು ತಮ್ಮ ತಮ್ಮ ನಕ್ಷೆಗೆ ‘ಅತ್ಯುತ್ತಮ’ವೇ. ಆದರೂ ಒಂದು ನಮಗೆ ಕೆಲಸಕ್ಕೆ ಬರುತ್ತದೆ, ಇನ್ನೊಂದು ಬರುವುದಿಲ್ಲ. ಮತ್ತೂರಿನ ಪಕ್ಕದ ಹೊಸಹಳ್ಳಿಯ ಗಮಕಿಗಳ ಹಾಗೆ ಒಂದೇ ಶ್ರುತಿ ಹಿಡಿದು ವಾಚಿಸುವವರಿಗೆ ಪಂಚಮದಲ್ಲಿ ರಾಜಿ ಸಾಧ್ಯವಿಲ್ಲ. ಅನೇಕ ಸ್ವರಗಳನ್ನು ಒಟ್ಟಿಗೆ ಒತ್ತಿ ಕಾರ್ಡ್ ನುಡಿಸುವವರಿಗೆ ಮೀನ್‌ಟೋನ್ ಇಷ್ಟವಾಗಬಹುದು.

## ಹಂತ 6: ತೂಕ ಕೊಡಬೇಕೇ?

ಸರಳ ಅನುಪಾತಗಳಿಗೆ ಹೆಚ್ಚು ತೂಕ ಕೊಡುವ ಪದ್ಧತಿಯಿದೆ. ಅನುಪಾತದ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗುಣಿಸಿ, 2ರ ಆಧಾರದಲ್ಲಿ ಲಾಗ್ ತೆಗೆದು, ಪ್ರತಿ ತಪ್ಪನ್ನು ಅದರಿಂದ ಭಾಗಿಸುತ್ತಾರೆ. 3/2ಕ್ಕೆ ಆ ಸಂಖ್ಯೆ 2.585, 5/4ಕ್ಕೆ 4.322, 5/3ಕ್ಕೆ 3.907. ವರ್ಗಗಳ ವಿಧಾನದಲ್ಲಿ ತೂಕದ ವರ್ಗವನ್ನು ಎರಡೂ ಮೊತ್ತಗಳಲ್ಲಿ ಗುಣಿಸಬೇಕು. ಮೇಲೆ ಮಾತ್ರ ಗುಣಿಸಿ ಕೆಳಗೆ ಮರೆತವರು ಬಹಳ ಜನ.

ನಮ್ಮ ಲೆಕ್ಕಕ್ಕೆ ತೂಕ ಹಾಕಿದರೆ 701.731 ಬರುತ್ತದೆ. ಇನ್ನು, ಅತಿ ದೊಡ್ಡ ತಪ್ಪನ್ನು ಆದಷ್ಟು ಚಿಕ್ಕದು ಮಾಡುವ ವಿಧಾನದಲ್ಲಿ ಪಂಚಮವನ್ನು ಸ್ಕಿಸ್ಮಾದ ಒಂಬತ್ತನೇ ಒಂದರಷ್ಟು ಇಳಿಸುತ್ತಾರೆ. ಅದು 701.738. ಮೂರೂ ವಿಧಾನಗಳ ನಡುವೆ ಇರುವುದು ಸೆಂಟಿನ ನೂರನೇ ಒಂದರಷ್ಟು ವ್ಯತ್ಯಾಸ. ಇದಕ್ಕಾಗಿ ನಿದ್ದೆಗೆಡಬೇಡಿ. ಮೀನ್‌ಟೋನ್‌ನಲ್ಲಿ ಮಾತ್ರ ತೂಕದಿಂದ ಕಾಲು ಸೆಂಟ್ ಬದಲಾಗುತ್ತದೆ (696.42).

## ಹಂತ 7: ಹನ್ನೆರಡು ಮನೆಗಳಿಗೆ ಹಂಚಿ

ಪಂಚಮಗಳ ಸಾಲು ಕೊನೆಯಿಲ್ಲದ್ದು. ಕೀಬೋರ್ಡಿನಲ್ಲಿ ಇರುವುದು ಸ್ಥಾಯಿಗೆ ಹನ್ನೆರಡೇ ಮನೆ. ಸಾಲಿನ ಯಾವ ಹನ್ನೆರಡನ್ನು ತೆಗೆದುಕೊಳ್ಳುತ್ತೀರಿ ಎನ್ನುವುದು ಜನರೇಟರ್‌ನಷ್ಟೇ ಮುಖ್ಯ. ಗಾಂಧಾರ −8ರಲ್ಲಿದೆ, ದೈವತ −9ರಲ್ಲಿದೆ. ಹಾಗಾಗಿ −9ರಿಂದ +2ರವರೆಗೆ ತೆಗೆದುಕೊಳ್ಳೋಣ. ಪ್ರತಿ ಅಂಕಿಯನ್ನು 701.7275ರಿಂದ ಗುಣಿಸಿ, 0 ಮತ್ತು 1200ರ ನಡುವೆ ಬರುವವರೆಗೆ 1200 ಕೂಡಿಸಿ ಅಥವಾ ಕಳೆಯಿರಿ. ಕೊನೆಯ ಅಂಕಿ ಮಾಮೂಲಿ ಕೀಬೋರ್ಡಿಗಿಂತ ಎಷ್ಟು ವ್ಯತ್ಯಾಸ ಎನ್ನುವುದು.

- ಸ (0): 0
- ರಿ1 (−5): 91.36, ವ್ಯತ್ಯಾಸ −8.6
- ರಿ2 (+2): 203.46, ವ್ಯತ್ಯಾಸ +3.5
- ಗ2 (−3): 294.82, ವ್ಯತ್ಯಾಸ −5.2
- ಗ3 (−8): 386.18, ವ್ಯತ್ಯಾಸ −13.8
- ಮ1 (−1): 498.27, ವ್ಯತ್ಯಾಸ −1.7
- ಮ2 (−6): 589.64, ವ್ಯತ್ಯಾಸ −10.4
- ಪ (+1): 701.73, ವ್ಯತ್ಯಾಸ +1.7
- ದ1 (−4): 793.09, ವ್ಯತ್ಯಾಸ −6.9
- ದ2 (−9): 884.45, ವ್ಯತ್ಯಾಸ −15.5
- ನಿ2 (−2): 996.55, ವ್ಯತ್ಯಾಸ −3.5
- ನಿ3 (−7): 1087.91, ವ್ಯತ್ಯಾಸ −12.1

ಸಾಲಿನ ಎರಡು ತುದಿಗಳು ಸೇರುವಲ್ಲಿ ಒಂದು ಪಂಚಮ ಮುರಿದಿರುತ್ತದೆ. ಇಲ್ಲಿ ಅದು ರಿ2 ಮತ್ತು ದ2 ನಡುವೆ: 681 ಸೆಂಟ್, ಅಂದರೆ 21 ಸೆಂಟ್ ಕೊರತೆ. ಪಶ್ಚಿಮದವರು ಇದಕ್ಕೆ ವುಲ್ಫ್ ಎನ್ನುತ್ತಾರೆ. ಇದು ಲೆಕ್ಕದ ತಪ್ಪಲ್ಲ, ತೆಗೆದುಹಾಕಲೂ ಆಗುವುದಿಲ್ಲ. ಎಲ್ಲಿಡಬೇಕು ಎನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಗಾಂಧಾರ ಸರಿ ಬಂತು ಎಂಬ ಖುಷಿಯಲ್ಲಿ ಇದನ್ನು ನೋಡದೇ ಬಿಟ್ಟವರು ‘ಕೀಬೋರ್ಡ್ ಕೆಟ್ಟಿದೆ’ ಎಂದುಕೊಳ್ಳುತ್ತಾರೆ.

ರಾಗ ನೋಡಿ ನಿರ್ಧರಿಸಿ. ಹಂಸಧ್ವನಿಯಲ್ಲಿ ದೈವತವೇ ಇಲ್ಲ, ಹಾಗಾಗಿ ತೊಂದರೆಯೇ ಇಲ್ಲ. ಮೊದಲ ಪ್ರಯೋಗಕ್ಕೆ ಅದೇ ಒಳ್ಳೆಯದು. ಹಿಂದೋಳದ ಸ್ವರಗಳೆಲ್ಲ −4ರಿಂದ 0ಯವರೆಗೆ ಒಂದೇ ಕಡೆ ಇವೆ, ಅದೂ ಸಲೀಸು. ಕಷ್ಟ ಬರುವುದು ಮೋಹನದಂಥ ರಾಗಕ್ಕೆ. ಅಲ್ಲಿ ರಿ2, ಗ3, ದ2 ಮೂರೂ ಬೇಕು. ದೈವತವನ್ನು −9ರ ಬದಲು +3ರಿಂದ ತೆಗೆದುಕೊಂಡರೆ 905.18 ಸೆಂಟ್ ಆಗಿ ರಿಷಭಕ್ಕೆ ಹೊಂದುತ್ತದೆ. ಆದರೆ ಗಾಂಧಾರದಿಂದ ದೈವತ 519 ಸೆಂಟ್ ಆಗಿ, ಮುರುಕು ಅಲ್ಲಿಗೆ ಸ್ಥಳಾಂತರವಾಗುತ್ತದೆ.

ನನ್ನ ಆಯ್ಕೆ −9. ತಂಬೂರಿಯ ಷಡ್ಜ ಇಡೀ ಹೊತ್ತು ನುಡಿಯುತ್ತಿರುತ್ತದೆ. ರಿಷಭ, ದೈವತಗಳನ್ನು ಒಟ್ಟಿಗೆ ಒತ್ತುವ ಸಂದರ್ಭ ನಮ್ಮಲ್ಲಿ ಕಡಿಮೆ. ಆದರೆ ನೀವು ಒತ್ತುವವರಾದರೆ +3 ಇಟ್ಟುಕೊಳ್ಳಿ.

## ಹಂತ 8: ವಾದ್ಯಕ್ಕೆ ಹಾಕಿ, ಕೇಳಿ

ಕೀಬೋರ್ಡಿನಲ್ಲಿ ಷಡ್ಜವನ್ನು ಎಲ್ಲಿ ಹಿಡಿಯುತ್ತೀರೋ ಅಲ್ಲಿಂದ ಪಟ್ಟಿ ಶುರುವಾಗಬೇಕು. ಕಪ್ಪು ಎರಡು ನಿಮ್ಮ ಷಡ್ಜವಾದರೆ ಆ ಮನೆಗೇ 0. ಅನೇಕರು ಪಟ್ಟಿಯನ್ನು ಬಿಳಿ ಒಂದರಿಂದ ತುಂಬಿಸಿ, ಆಮೇಲೆ ಕಪ್ಪು ಎರಡರಲ್ಲಿ ನುಡಿಸುತ್ತಾರೆ. ಆಗ ಗಾಂಧಾರದ ಇಳಿಕೆ ಬೇರೆ ಸ್ವರಕ್ಕೆ ಹೋಗಿ ಬೀಳುತ್ತದೆ. ಟ್ರಾನ್ಸ್‌ಪೋಸ್ ಬಟನ್ ಒತ್ತಿದ ಮೇಲೂ ಒಮ್ಮೆ ಸ-ಪ, ಸ-ಗ ಕೇಳಿ ನೋಡಿ. ಪೂರ್ಣ ಸೆಂಟ್ ಮಾತ್ರ ತೆಗೆದುಕೊಳ್ಳುವ ಕೀಬೋರ್ಡಾದರೆ ಈಗ ದುಂಡು ಮಾಡಿ, ಹನ್ನೆರಡನ್ನೂ ಒಂದೊಂದಾಗಿ.

ಹಾರ್ಮೋನಿಯಂಗೆ ಕೈ ಹಚ್ಚುವ ಮೊದಲು ಯೋಚಿಸಿ. ಮಂಡಳಿಯ ಎಲ್ಲರೂ ಬಳಸುವ ಪೆಟ್ಟಿಗೆಯನ್ನು ಹೀಗೆ ಬದಲಿಸಬೇಡಿ. ಒಬ್ಬರು ಬಿಳಿ ನಾಲ್ಕಕ್ಕೆ, ಇನ್ನೊಬ್ಬರು ಕಪ್ಪು ಒಂದಕ್ಕೆ ಹಾಡಿದರೆ ಮುರಿದ ಪಂಚಮ ಎಲ್ಲೆಲ್ಲೋ ಬರುತ್ತದೆ. ರಾತ್ರಿಯಿಡೀ ಭಾಗವತರು ಶ್ರುತಿ ಬದಲಿಸುವ ಯಕ್ಷಗಾನಕ್ಕಂತೂ ಇದು ಬೇಡವೇ ಬೇಡ. ಒಬ್ಬರೇ, ಒಂದೇ ಶ್ರುತಿಗೆ ಬಳಸುವ ಪೆಟ್ಟಿಗೆಗೆ ಮಾತ್ರ.

ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ವಾಪಸ್ ಬರುವುದಿಲ್ಲ. ಹಾಗಾಗಿ ಸಣ್ಣ ಅರದಿಂದ ಒಂದೆರಡು ಸಲ ತೀಡಿ, ರೀಡನ್ನು ವಾಪಸ್ ಕೂರಿಸಿ, ಅಳೆಯಿರಿ. ತಿದಿಯ ಒತ್ತಡ ಹೆಚ್ಚು ಕಡಿಮೆ ಆದರೂ ಸ್ವರ ಬದಲಾಗುತ್ತದೆ, ಆದ್ದರಿಂದ ಅಳೆಯುವಾಗ ಗಾಳಿ ಒಂದೇ ಸಮ ಇರಲಿ. ಒಂದೆರಡು ಸೆಂಟಿನೊಳಗೆ ಬಂದರೆ ನಿಲ್ಲಿಸಿ. ರೀಡಿನಲ್ಲಿ ಅದಕ್ಕಿಂತ ಹೆಚ್ಚು ನಿಖರತೆ ನಿಲ್ಲುವುದಿಲ್ಲ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ ಮುಟ್ಟಬೇಡಿ. ತೇವಕ್ಕೆ ಮರ ಉಬ್ಬಿ, ಗಾಳಿ ಅಲ್ಲಿ ಇಲ್ಲಿ ಸೋರುತ್ತದೆ. ಆಗ ಸರಿ ಮಾಡಿದ ಸ್ವರ ಬೇಸಿಗೆಯಲ್ಲಿ ಬೇರೆಯಾಗಿರಬಹುದು. ಮಳೆಗಾಲ ಲೆಕ್ಕಕ್ಕೆ ಇರಲಿ, ಕೆರೆಯುವ ಕೆಲಸ ಡಿಸೆಂಬರ್ ನಂತರ. ಹೆಂಚಿನ ಮೇಲೆ ಮಳೆ ಸುರಿಯುವಾಗ ಬೀಟ್ ಎಣಿಸಲೂ ಆಗುವುದಿಲ್ಲ. ಸಂಜೆ ಹೊತ್ತು ಜೀರುಂಡೆ ಜೋರಾಗಿದ್ದರೆ ಟ್ಯೂನರ್ ಆ್ಯಪಿನ ಮುಳ್ಳು ಸುಮ್ನೆ ಕುಣಿಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಫೋನನ್ನು ವಾದ್ಯದ ಹತ್ತಿರವಿಟ್ಟು ಅಳೆಯಿರಿ. ಕೀಬೋರ್ಡಾದರೆ ಕೇಬಲ್‌ನಲ್ಲೇ ಫೋನಿಗೆ ಸೇರಿಸಬಹುದು.

ಕೊನೆಯ ಪರೀಕ್ಷೆ ಈ ಕ್ರಮದಲ್ಲಿರಲಿ: ಮೊದಲು ಸ-ಪ, ಆಮೇಲೆ ಸ-ಮ1, ಆಮೇಲೆ ಸ-ಗ3, ಗ3-ನಿ3, ಪ-ನಿ3. ಸ-ಪ ಅಲುಗಾಡಿದರೆ ಮುಂದಿನವನ್ನು ಕೇಳುತ್ತಾ ಕೂರಬೇಡಿ, ಮೊದಲು ಅದನ್ನು ಸರಿಪಡಿಸಿ. ಸ-ಪ ನಿಂತು ಸ-ಗ3 ಮಾತ್ರ ವೇಗವಾಗಿ ಅಲುಗಾಡಿದರೆ ಗಾಂಧಾರದ ಇಳಿಕೆ ಬೇರೆ ಮನೆಗೆ ಹೋಗಿದೆ, ಅಥವಾ −13.8 ಬದಲು +13.8 ಹಾಕಿದ್ದೀರಿ. ಇವೆರಡೂ ನಿಂತು ಗ3-ನಿ3 ಅಲುಗಾಡಿದರೆ ನಿಷಾದದ ಮನೆಯನ್ನು ನೋಡಿ. ಅಲ್ಲಿ −12.1 ಇರಬೇಕು.